ಒಂದು ಕಡೆ ಸುಮ್ಮನೆ ಕೂರು

ಮೊದಲು ಬಂದದ್ದು ಕಾಲಿಗೆ.

ಬೆಳಗ್ಗೆ ತಿಂಡಿಗೆ ಕೂತಿದ್ದೆ. ತಟ್ಟೆಯಲ್ಲಿ ಉಪ್ಪಿಟ್ಟು. ಎರಡು ತುತ್ತು ತಿಂದೆ, ಎದ್ದೆ. ಅಡುಗೆಮನೆಯಿಂದ ಜಗುಲಿಗೆ ಹೋದೆ, ಬಂದೆ, ಕೂತೆ. ಮತ್ತೆ ಎದ್ದೆ. ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಏನೂ ಬೇಕಾಗಿರಲಿಲ್ಲ. ಕೂತರೆ ಮೊಣಕಾಲಿನೊಳಗೆ, ಮೂಳೆಗೂ ಮಾಂಸಕ್ಕೂ ನಡುವೆ, ಏನೋ ಕುದಿಯುತ್ತಿತ್ತು. ನಡೆದರೆ ಸ್ವಲ್ಪ ಆರುತ್ತಿತ್ತು. ನಿಂತರೆ ಮತ್ತೆ ಕುದಿ. ಅದು ನೋವಲ್ಲ. ನೋವಾಗಿದ್ದರೆ ನೋವು ಎಂದು ಹೇಳಿ ಮುಗಿಸುತ್ತಿದ್ದೆ. ಇದಕ್ಕೆ ನನ್ನ ಹತ್ತಿರ ಹೆಸರಿರಲಿಲ್ಲ.

"ಒಂದ್ ಕಡೆ ಸುಮ್ನೆ ಕೂತ್ಕೊಳ್ಳೇ," ಎಂದಳು ಅಮ್ಮ.

ಆಮೇಲೆ ಎಲ್ಲರೂ ಅದನ್ನೇ ಹೇಳತೊಡಗಿದರು.

ನಾನು ಗಿರಿಜಾ. ಚಿಂತಾಮಣಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ, ಅಲ್ಲೇ ಒಂದು ರೂಮು ಮಾಡಿಕೊಂಡಿದ್ದೆ. ಮೂವತ್ತು ದಾಟಿದ ಮೇಲೆ ನನಗೆ ದನಿಗಳು ಕೇಳತೊಡಗಿದವು. ಸ್ಟಾಫ್ ರೂಮಿನ ಗೋಡೆಯ ಆಚೆ ಇಬ್ಬರು ಗಂಡಸರು ಕೂತು ನಾನು ಮಾಡುವುದನ್ನೆಲ್ಲ ಒಬ್ಬರಿಗೊಬ್ಬರು ಹೇಳುತ್ತಿದ್ದರು. ಈಗ ಪೆನ್ನು ತೆಗೆದಳು. ಈಗ ನೀರು ಕುಡಿದಳು. ಈಗ ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದಾಳೆ. ಗೋಡೆಯ ಆಚೆ ಇದ್ದದ್ದು ಮಾವಿನ ತೋಪು, ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಒಂದು ದಿನ ಹತ್ತನೇ ಕ್ಲಾಸಿನ ಮಕ್ಕಳ ಮುಂದೆ ಗೋಡೆಗೆ ಬಾಯಿಗೆ ಬಂದಂತೆ ಬೈದೆ. ಅಣ್ಣ ಕಾರು ತಂದು, ನನ್ನ ಪಾತ್ರೆ ಪುಸ್ತಕಗಳನ್ನು ತುಂಬಿಕೊಂಡು, ಶಿಡ್ಲಘಟ್ಟದ ಪಕ್ಕದ ನಮ್ಮೂರಿಗೆ ಕರೆದುಕೊಂಡು ಹೋದ. ಮನೆಯಲ್ಲಿ ಅಮ್ಮ, ಅಣ್ಣ ನಾರಾಯಣಸ್ವಾಮಿ, ಅತ್ತಿಗೆ ಸುಮಿತ್ರ. ಹಿತ್ತಿಲಿನಾಚೆ ಹಿಪ್ಪುನೇರಳೆ ತೋಟ, ತೋಟದ ಮೂಲೆಯಲ್ಲಿ ರೇಷ್ಮೆ ಹುಳ ಸಾಕುವ ಮನೆ.

ಚಿಕ್ಕಬಳ್ಳಾಪುರದ ಮನೋವೈದ್ಯರು ಮಾತ್ರೆ ಕೊಟ್ಟರು. ಗೋಡೆಯಾಚೆಯ ಗಂಡಸರು ಎದ್ದು ಹೋದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಬಯ್ಯುವುದನ್ನು ಓದಿ ಯಾರಾದರೂ ತಮ್ಮ ಮಾತ್ರೆಯನ್ನು ಚರಂಡಿಗೆ ಎಸೆದಾರು. ಆ ಮಾತ್ರೆ ನನ್ನ ತಲೆಯನ್ನು ನನಗೆ ವಾಪಸ್ ಕೊಟ್ಟಿತು. ಬದಲಿಗೆ ಕಾಲನ್ನು ತೆಗೆದುಕೊಂಡಿತು.

ಡಾಕ್ಟರು ಕೆಟ್ಟವರಲ್ಲ. ಅವರ ಕ್ಲಿನಿಕ್ಕಿನ ಹೊರಗೆ ಗೌರಿಬಿದನೂರಿನವರು, ಬಾಗೇಪಲ್ಲಿಯವರು, ನಮ್ಮವರು ಎಲ್ಲ ಕೂತಿರುತ್ತಿದ್ದರು, ಒಳಗೆ ಅವರೊಬ್ಬರೇ. ನನ್ನ ಮುಖ ನೋಡುತ್ತಿದ್ದರು, ಅಮ್ಮನನ್ನು ಕೇಳುತ್ತಿದ್ದರು.

"ಹೇಗಿದ್ದಾಳಮ್ಮ?"

"ಪರ್ವಾಗಿಲ್ಲ ಸಾರ್. ಗೋಡೆ ಜೊತೆ ಮಾತಾಡೋದು ನಿಂತೈತೆ."

"ಸಾರ್, ನನ್ನ ಕಾಲು," ಎಂದೆ ನಾನು.

"ನಿದ್ದೆ ಮಾಡ್ತಾಳಾ?" ಎಂದು ಅಮ್ಮನನ್ನೇ ಕೇಳಿದರು.

ಹುಚ್ಚರಿಗೆ ಇಲ್ಲದ ದನಿ ಕೇಳಿಸುತ್ತದೆ ಎಂದು ಎಲ್ಲರಿಗೂ ಗೊತ್ತು. ಹುಚ್ಚರ ದನಿ ಯಾರಿಗೂ ಕೇಳಿಸುವುದಿಲ್ಲ ಎಂದು ನನಗೆ ಗೊತ್ತಾದದ್ದು ಆ ಕುರ್ಚಿಯ ಮೇಲೆ. ಮಾತ್ರೆ ಶುರುವಾದ ಮೇಲೆ ಕಾಲು ಶುರುವಾಗಿತ್ತು. ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೆ ಕುದಿ ಏರುತ್ತಿತ್ತು. ಗಣಿತದವಳಿಗೆ ಅಷ್ಟು ಸಾಕು. ನನಗೆ ಬೇಕಾಗಿದ್ದದ್ದೂ ಒಂದೇ: ಇದು ನನ್ನ ತಲೆಯ ರೋಗವಲ್ಲ, ಮಾತ್ರೆಯ ಕೆಲಸ ಎಂದು ನಾನು ಹೇಳಿದಾಗ ಯಾರಾದರೂ ಒಬ್ಬರು ನಂಬಬೇಕಿತ್ತು.

ನಂಬಬೇಕಾದವಳು ಅಮ್ಮ. ಅಮ್ಮ ಹುಳ ಸಾಕಿದವಳು.

ಹುಳದ ಮನೆಯಲ್ಲಿ ಅಮ್ಮನ ಕಣ್ಣು ಬೇರೆಯದೇ. ನಾಲ್ಕನೇ ಜ್ವರ ಎದ್ದ ಹುಳಗಳು, ಅಂದರೆ ನಾಲ್ಕನೆಯ ಸಲ ಪೊರೆ ಕಳಚಿದವು, ಸೊಪ್ಪಿನ ಮೇಲೆ ತಲೆ ಬಗ್ಗಿಸಿ ಸರಸರನೆ ತಿನ್ನುತ್ತಿರುತ್ತವೆ. ಆ ಸಾವಿರಾರು ಹುಳದ ನಡುವೆ ಒಂದೇ ಒಂದು ತಿನ್ನುವುದನ್ನು ಬಿಟ್ಟು ಅಂಚಿಗೆ ಬಂದು ಅತ್ತಿಂದಿತ್ತ ಹರಿದಾಡಿದರೆ ಅಮ್ಮನಿಗೆ ಬಾಗಿಲಲ್ಲೇ ಕಾಣುತ್ತದೆ. ಹೀಗೆ ಹರಿದಾಡುವುದರಲ್ಲಿ ಎರಡು ಬಗೆ. ಹಣ್ಣಾದ ಹುಳ ಗೂಡು ಕಟ್ಟಲು ಜಾಗ ಹುಡುಕುತ್ತಾ ತಿರುಗುತ್ತದೆ, ಅದರ ಮೈ ಜೇನಿನ ಬಣ್ಣಕ್ಕೆ ಬಂದಿರುತ್ತದೆ. ಹಾಲುತೊಂಡೆ ರೋಗ ಹತ್ತಿದ ಹುಳವೂ ತಿರುಗುತ್ತದೆ, ಅದರ ಮೈ ಊದಿರುತ್ತದೆ. ಅದು ಒಡೆದು ಹಾಲು ಸುರಿಸಿದರೆ ಸುತ್ತಲಿನವಕ್ಕೆಲ್ಲ ಅಂಟುತ್ತದೆ. ಅಮ್ಮ ಎರಡು ಕಡ್ಡಿಯಲ್ಲಿ ಅದನ್ನು ಎತ್ತಿ ಬ್ಲೀಚಿಂಗ್ ನೀರಿನ ಬೇಸಿನ್ನಿಗೆ ಹಾಕುತ್ತಾಳೆ. ಆ ಕೆಲಸದಲ್ಲಿ ಅವಳ ಕೈ ಒಂದು ಸಲವೂ ತಡೆದದ್ದನ್ನು ನಾನು ನೋಡಿಲ್ಲ.

ನಾನು ಆ ಮನೆಯ ಕಂಬದಿಂದ ಕಂಬಕ್ಕೆ ನಡೆಯುತ್ತಿದ್ದೆ. ಅಮ್ಮ ಸೊಪ್ಪು ಹಾಕುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಆ ನೋಟ ನನಗೆ ಗೊತ್ತಿತ್ತು. ಇಪ್ಪತ್ತು ವರ್ಷ ಅವಳ ಪಕ್ಕದಲ್ಲಿ ನಿಂತು ಸೊಪ್ಪು ಹಾಕಿದ್ದೇನೆ.

"ತಿನ್ನೋ ಹುಳ ತಿರುಗಲ್ಲ ಕಣೇ. ನಿಂಗೆ ಇನ್ನೂ ರೋಗ ಬಿಟ್ಟಿಲ್ಲ."

"ಇದು ರೋಗ ಅಲ್ಲಮ್ಮ. ಮಾತ್ರೆಯಿಂದ ಹಿಂಗಾಗ್ತಿದೆ."

"ಸರಿ, ಹೊರಕ್ಕೆ ಹೋಗು. ಹುಳದ ಮನೇಲಿ ಧೂಳು ಎಬ್ಬಿಸ್ಬೇಡ."

ಅವತ್ತಿನಿಂದ ಹುಳದ ಮನೆಗೆ ನನ್ನನ್ನು ಸೇರಿಸಲಿಲ್ಲ. ಮುಂದಿನ ಸಲ ಚಿಕ್ಕಬಳ್ಳಾಪುರಕ್ಕೆ ಹೋದಾಗ ಅಮ್ಮ ತಾನೇ ಮೊದಲು ಬಾಯಿ ತೆಗೆದಳು. "ಒಂದ್ ಕಡೆ ನಿಲ್ಲಲ್ಲ ಸಾರ್. ಕೂತಲ್ಲಿ ಕೂರಲ್ಲ. ರೋಗ ಒಳಗೇ ಐತೆ. ಡೋಸ್ ಜಾಸ್ತಿ ಮಾಡಿ." ಡಾಕ್ಟರು ನನ್ನ ಅಲ್ಲಾಡುವ ಕಾಲು ನೋಡಿದರು, ಹೌದೆಂದು ತಲೆಯಾಡಿಸಿದರು, ಬರೆದರು.

ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಎಂದು ಗಾದೆ. ನನ್ನ ಕಥೆಯೂ ಅದೇ, ಮದುವೆಯೊಂದನ್ನು ತೆಗೆದುಬಿಡಿ. ನಡೆದರೆ ಹುಚ್ಚು ಎನ್ನುತ್ತಿದ್ದರು. ಹುಚ್ಚು ಎಂದು ಮಾತ್ರೆ ಏರಿಸುತ್ತಿದ್ದರು. ಮಾತ್ರೆ ಏರಿದರೆ ಇನ್ನೂ ಜೋರಾಗಿ ನಡೆಯುತ್ತಿದ್ದೆ. ಅಂಗಾಲು ಒಡೆಯಿತು. ಸುಮಿತ್ರತ್ತಿಗೆ ಬಾಯಲ್ಲಿ ಗೊಣಗುತ್ತಲೇ ಕಾಲಿಗೆ ಹರಳೆಣ್ಣೆ ಹಚ್ಚಿ ಬಟ್ಟೆ ಕಟ್ಟುತ್ತಿದ್ದಳು, ಆ ಬಟ್ಟೆಯಲ್ಲೇ ಎದ್ದು ಮತ್ತೆ ನಡೆಯುತ್ತಿದ್ದೆ. ತೋಟದ ಕೃಷಿ ಹೊಂಡದ ದಡದಲ್ಲಿ ನಿಂತು, ಇದರೊಳಗೆ ಹೋದರೆ ಕಾಲು ಸುಮ್ಮನಾಗುತ್ತದೆ ಎಂದು ಯೋಚಿಸಿದ್ದೂ ಉಂಟು. ದನಿಗಳು ಹೇಳಿದ್ದಲ್ಲ, ಅದನ್ನು ನಾನೇ ಯೋಚಿಸಿದೆ. ಅಣ್ಣ ದೂರದಿಂದ ನೋಡಿ ಕೂಗಿದ, ಮಾರನೆಯ ದಿನ ಹೊಂಡದ ಸುತ್ತ ತಂತಿ ಬೇಲಿ ಹಾಕಿಸಿದ.

ಯಾರೂ ನಂಬದಿದ್ದರೆ ಸಾಧಿಸಿ ತೋರಿಸಬೇಕು. ಮಕ್ಕಳಿಗೆ ಅದನ್ನೇ ತಾನೇ ಹೇಳಿಕೊಟ್ಟದ್ದು. ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು, ಅಮ್ಮ ಆ ಕಡೆ ತಿರುಗಿದ ಮೇಲೆ ಹಿತ್ತಿಲಿನ ದಾಸವಾಳದ ಬುಡಕ್ಕೆ ಉಗಿಯತೊಡಗಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಕುದಿ ಸಣ್ಣದಾಗುತ್ತಾ ಬಂತು. ಒಂದು ಮಧ್ಯಾಹ್ನ ಕೂತು ಊಟ ಮಾಡಿದೆ. ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ, ಪೂರ್ತಿ ಊಟ. ಮುಗಿದ ಮೇಲೂ ಎದ್ದೇಳಲಿಲ್ಲ. ಸುಮ್ಮನೆ ಕೂರುವುದು ಇಷ್ಟು ರುಚಿಯ ವಸ್ತು ಎಂದು ನನಗೆ ಗೊತ್ತಿರಲಿಲ್ಲ.

"ಇವತ್ತು ಚೆನ್ನಾಗಿದ್ದೀಯಲ್ಲಮ್ಮ," ಎಂದ ಅಣ್ಣ. "ಡೋಸ್ ಜಾಸ್ತಿ ಮಾಡಿದ್ದು ಒಳ್ಳೇದಾಯ್ತು."

ನಾನು ನಕ್ಕೆ. ಇನ್ನೊಂದಷ್ಟು ದಿನ ಕಳೆಯಲಿ, ಅಲ್ಲಗಳೆಯಲು ಆಗದ ಹಾಗೆ ಹೇಳುತ್ತೇನೆ ಎಂದುಕೊಂಡಿದ್ದೆ. ಅಮ್ಮನ ಮುಖ ಹೇಗಾಗುತ್ತದೆ ಎಂದು ಊಹಿಸಿಕೊಂಡು ಒಳಗೊಳಗೇ ಖುಷಿಪಡುತ್ತಿದ್ದೆ. ಆ ಇಬ್ಬರು ಗಂಡಸರು ಅಷ್ಟರಲ್ಲಿ ವಾಪಸ್ ಬಂದರು. ಈ ಸಲ ಹುಳದ ಮನೆಯ ಸೂರಿನ ಸಿಮೆಂಟ್ ಶೀಟಿನ ಮೇಲೆ ಕೂತಿದ್ದರು.

ಈಗ ಸುಮ್ಮನೆ ಕೂತಿದ್ದಾಳೆ, ಎಂದ ಒಬ್ಬ.

ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಶೀಟಿನ ಮೇಲೆ ಕಲ್ಲು ಎಸೆದೆನಂತೆ. ಹಣ್ಣಾಗುವ ಹೊತ್ತಿನ ಹುಳ, ಶೀಟು ಒಡೆದು ಅವುಗಳ ಮೇಲೆ ಬಿತ್ತಂತೆ. ಅಣ್ಣ ನನ್ನ ಎರಡೂ ಕೈ ಹಿಡಿದು ಕೂರಿಸಿದಾಗ ಮಾತ್ರೆ ಉಗಿದದ್ದನ್ನು, ಕಾಲು ನಿಂತದ್ದನ್ನು ಎಲ್ಲ ಹೇಳಿದೆನಂತೆ. ಅವರಿಗೆ ಕೇಳಿಸಿದ್ದು ಉಗಿದದ್ದು ಮಾತ್ರ. ನನ್ನ ಲೆಕ್ಕ ಸರಿಯಾಗಿತ್ತು, ಉತ್ತರ ಪತ್ರಿಕೆ ಹರಿದುಹೋಗಿತ್ತು.

"ಮಾತ್ರೆ ನಂಬಕ್ಕಾಗಲ್ಲ ಸಾರ್," ಎಂದಳು ಅಮ್ಮ ಡಾಕ್ಟರ ಮುಂದೆ. "ಸೂಜೀಲೇ ಹಾಕ್ಬಿಡಿ."

ತಿಂಗಳಿಗೊಂದು ಇಂಜೆಕ್ಷನ್ ಶುರುವಾಯಿತು. ಅದನ್ನು ದಾಸವಾಳದ ಬುಡಕ್ಕೆ ಉಗಿಯಲಾಗುವುದಿಲ್ಲ. ಗಂಡಸರು ಮತ್ತೆ ಎದ್ದು ಹೋದರು. ಮೈ ಮರಗಟ್ಟಿತು. ನಡೆದರೆ ಕೈ ಬೀಸುತ್ತಿರಲಿಲ್ಲ, ಜೊಲ್ಲು ಸುರಿಯುತ್ತಿತ್ತು, ಸೀರೆಯ ನೆರಿಗೆ ಹಿಡಿಯಲು ಬೆರಳು ಬರುತ್ತಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಕೊನೆಗೂ ಒಂದು ಕಡೆ ಕೂತಿದ್ದಾಳೆ.

ಎರಡು ವರ್ಷ ಹಾಗೇ ಹೋಯಿತು. ಆಮೇಲೆ ಬಾಯಿ.

ಪಕ್ಕದ ಮನೆಯ ರತ್ನಮ್ಮ ಅದನ್ನು ಮೊದಲು ನೋಡಿದವಳು. ಜಗುಲಿಯ ಮೇಲೆ ಕೂತಿದ್ದೆ. "ಏಂ ನಮಲ್ತಾ ಉಂಡಾವಮ್ಮಾ?" ಎಂದು ತೆಲುಗಿನಲ್ಲಿ ಕೇಳಿದಳು, ಏನು ಅಗಿಯುತ್ತಿದ್ದೀಯೆಂದು. ಬಾಯಲ್ಲಿ ಏನೂ ಇರಲಿಲ್ಲ. ಒಳಗೆ ಹೋಗಿ ಕನ್ನಡಿ ನೋಡಿದೆ. ಕೆಳದವಡೆ ಪಕ್ಕಕ್ಕೆ ಸರಿಯುತ್ತಿತ್ತು. ತುಟಿ ಚಪ್ಪರಿಸುತ್ತಿತ್ತು. ನಾಲಿಗೆ ಹಲ್ಲಿನ ಹಿಂದೆ ಒಂದು ಸುತ್ತು ಹಾಕಿ, ಹೊರಗೆ ಇಣುಕಿ, ಒಳಗೆ ಹೋಗುತ್ತಿತ್ತು. ನಾನು ಅದನ್ನು ಮಾಡುತ್ತಿರಲಿಲ್ಲ. ಹಲ್ಲು ಕಚ್ಚಿ ಹಿಡಿದೆ, ಸ್ವಲ್ಪ ಹೊತ್ತು ನಿಂತಿತು, ಬಿಟ್ಟ ಕೂಡಲೇ ಬಾಕಿಯನ್ನೆಲ್ಲ ಸೇರಿಸಿ ಮಾಡಿತು.

ನಮ್ಮ ಸೋದರಮಾವ ತೀರಿಕೊಂಡಾಗ ತಿಥಿಗೆ ನನ್ನನ್ನೂ ಕರೆದುಕೊಂಡು ಹೋದರು. ಅತ್ತೆ ಗೋಡೆಗೆ ಒರಗಿ ಕೂತಿದ್ದರು. ನಾನು ಎದುರಿಗೆ ಕೂತು ಅವರ ಕೈ ಹಿಡಿದುಕೊಂಡೆ. ನನಗೆ ಮಾವನ ಮೇಲೆ ಪ್ರೀತಿಯಿತ್ತು, ಲೆಕ್ಕ ಕಲಿಸಿದವರು ಅವರೇ. ನಾಲಿಗೆ ಹೊರಗೆ ಬಂತು. ಮತ್ತೆ ಬಂತು. ಅತ್ತೆ ಕೈ ಕಿತ್ತುಕೊಂಡರು. ಅವರ ಮಗ ಎದ್ದು ನಿಂತು, "ಸಾವಿನ ಮನೇಲಿ ಅಣಕಿಸ್ತೀಯೇನೇ," ಎಂದ. ಅಣ್ಣ ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದ, ಊಟಕ್ಕೂ ಕೂರದೆ ಮನೆಗೆ ಬಂದೆವು. ಆಮೇಲೆ ನನ್ನನ್ನು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ.

ಬಾಯಿ ನೋಡಿ ಡಾಕ್ಟರು ಎಂಆರ್‌ಐ ಮಾಡಿಸಿ ಎಂದರು. ತಲೆಯೊಳಗೆ ಬೇರೆ ಏನಾದರೂ ಇರಬಹುದೇ ಎಂದು ನೋಡಿಬಿಡೋಣ ಎಂದಷ್ಟೇ ಅವರು ಹೇಳಿದ್ದು. ಅಮ್ಮ ಆ ಬೇರೆ ಏನಾದರೂ ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ದೇವರ ಮುಂದೆ ಕೂತು ಅವಳು ಬೇಡಿಕೊಂಡದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಗೆಡ್ಡೆ ಇರಲಪ್ಪಾ. ಗೆಡ್ಡೆಯಾದರೆ ಆಪರೇಷನ್ ಮಾಡಿ ತೆಗೆಸಬಹುದು, ನೆಂಟರಿಗೂ ಹೇಳಬಹುದು. ಮಗಳ ತಲೆಯಲ್ಲಿ ಗೆಡ್ಡೆ ಬೆಳೆಯಲಿ ಎಂದು ಹರಕೆ ಹೊತ್ತ ತಾಯಿಯನ್ನು ನೀವು ನೋಡಿರಲಿಕ್ಕಿಲ್ಲ. ನಿಜ ಹೇಳಬೇಕೆಂದರೆ ಗೆಡ್ಡೆ ಇದ್ದರೆ ಸಾಕು ಎಂದು ನನಗೂ ಅನಿಸಿತ್ತು.

ಸ್ಕ್ಯಾನ್ ಸೆಂಟರಿನಲ್ಲಿ ಬಳೆ, ಓಲೆ, ಹೇರ್‌ಪಿನ್ ಬಿಚ್ಚಿಸಿ ಮಲಗಿಸಿದರು. ತಲೆಯ ಸುತ್ತ ಪಂಜರದಂಥದ್ದೊಂದು ಇಟ್ಟರು. ಒಳಗೆ ಹೋದ ಮೇಲೆ ಸದ್ದು, ತಗಡಿನ ಮೇಲೆ ಸುತ್ತಿಗೆ ಬಡಿದ ಹಾಗೆ. ದವಡೆ ಆಡಿತು, ದವಡೆಯ ಜೊತೆ ತಲೆಯೂ ಆಡಿತು. ಸದ್ದು ನಿಂತಿತು. ಟೆಕ್ನೀಷಿಯನ್ ದನಿ ಸ್ಪೀಕರಿನಲ್ಲಿ ಬಂತು.

"ಅಲ್ಲಾಡ್ಬೇಡಿ ಮೇಡಂ. ಫೋಟೋ ಎಲ್ಲಾ ಕಲಸ್ಕೊಂಡೋಗ್ತಾ ಇದೆ."

"ನಾನು ಅಲ್ಲಾಡಿಸ್ತಿಲ್ಲ ಸಾರ್."

"ಮತ್ತೆ ಯಾರು ಅಲ್ಲಾಡಿಸ್ತಿರೋದು?"

ಪ್ರಶ್ನೆ ಸರಿಯಾಗಿಯೇ ಇತ್ತು. ಕೊನೆಗೆ ನಿದ್ದೆಯ ಇಂಜೆಕ್ಷನ್ ಕೊಟ್ಟರು. ನಿದ್ದೆಯಲ್ಲಿ ನನ್ನ ಬಾಯಿ ನಿಲ್ಲುತ್ತದೆ, ದವಡೆ ಮಗುವಿನ ಹಾಗೆ ಸಡಿಲವಾಗುತ್ತದಂತೆ. ಯಂತ್ರ ಫೋಟೋ ತೆಗೆದದ್ದು ಆ ನಿಂತ ಬಾಯಿಯ ಹಿಂದಿನ ಮೆದುಳನ್ನು.

ರಿಪೋರ್ಟು ನಾರ್ಮಲ್.

ಅಣ್ಣ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ತನಗೇನೋ ತಿಳಿಯುವ ಹಾಗೆ. ಅಮ್ಮ ತಲೆ ಮೇಲೆ ಕೈಹೊತ್ತು ಕೂತಳು. ನಾರ್ಮಲ್ ಎಂಬ ಮಾತು ಕೇಳಿ ಅಳುವ ಮನೆ ನಮ್ಮದೊಂದೇ ಇರಬೇಕು. ಮೊದಲು ಮಾತಾಡಿದವಳು ಸುಮಿತ್ರತ್ತಿಗೆ.

"ತಲೇಲಿ ಏನೂ ಇಲ್ಲ ಅಂತ ಮಿಷಿನ್ನೇ ಹೇಳ್ತು. ನಿದ್ದೇಲಿ ನಿಂತೋಗುತ್ತೆ. ಎಚ್ಚರ ಆದ್ರೆ ಶುರು. ಬೇಕಂತ ಮಾಡೋರ್ನ ಯಾವ ಡಾಕ್ಟ್ರು ವಾಸಿ ಮಾಡ್ತಾನೆ?"

ಯಾರೂ ಅವಳ ಬಾಯಿ ಮುಚ್ಚಿಸಲಿಲ್ಲ. ಅದುವರೆಗೆ ನಾನು ಹುಚ್ಚಿ. ಅವತ್ತಿನಿಂದ ನಾಟಕದವಳು. ಹುಚ್ಚಿಗೆ ಕನಿಕರವಾದರೂ ಸಿಗುತ್ತಿತ್ತು. ಊಟಕ್ಕೆ ತಟ್ಟೆಯನ್ನು ಬೇರೆ ಕಡೆ ಇಡತೊಡಗಿದರು, ಅನ್ನ ಬಾಯಿಂದ ಆಚೆ ಬೀಳುತ್ತಿತ್ತು, ನೋಡಿದರೆ ಉಣ್ಣಲಾಗುವುದಿಲ್ಲ ಎಂದು. ನಾನು ಗೋಡೆಯ ಕಡೆ ಮುಖ ಮಾಡಿ ಉಂಡೆ. ಅಮ್ಮ ಅದೇ ಕೋಣೆಯಲ್ಲಿದ್ದಳು. ಅವಳು ಏನೂ ಹೇಳಲಿಲ್ಲ. ಅದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಡಾಕ್ಟರು ಕೈಬಿಟ್ಟಂತಾದ ಮೇಲೆ ಅಣ್ಣ ಮುರುಗಮಲ್ಲಕ್ಕೆ ಕರೆದುಕೊಂಡು ಹೋದ. ಗಾಳಿ ಸೋಕಿದವರನ್ನೆಲ್ಲ ನಮ್ಮ ಕಡೆ ಅಲ್ಲಿನ ದರ್ಗಾಕ್ಕೆ ಕರೆದುಕೊಂಡು ಹೋಗುತ್ತಾರೆ. ಹಿಂದೂಗಳು, ಸಾಬರು, ಆಂಧ್ರದವರು, ಎಲ್ಲರೂ ಇದ್ದರು. ಒಬ್ಬಳು ಕೂದಲು ಬಿಚ್ಚಿ ತೂಗುತ್ತಿದ್ದಳು, ಯಾರೋ ಒಬ್ಬ ನೆಲಕ್ಕೆ ಹಣೆ ಚಚ್ಚುತ್ತಿದ್ದ. ನನ್ನ ಬಾಯಿಯನ್ನು ಯಾರೂ ತಿರುಗಿ ನೋಡಲಿಲ್ಲ. ಬಹಳ ದಿನದ ಮೇಲೆ ನಾನು ಜನರ ನಡುವೆ ಕೂತಿದ್ದೆ. ಪಕ್ಕದಲ್ಲಿ ಬುರ್ಖಾ ಹಾಕಿದ ಒಬ್ಬ ವಯಸ್ಸಾದ ಹೆಂಗಸು ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಮಗನಿಗೆ ನನ್ನಷ್ಟೇ ವಯಸ್ಸಿರಬೇಕು. ಅವನು ಎದ್ದು ಕೂತು ನನ್ನ ಕಡೆ ತಿರುಗಿದ.

ನನ್ನ ಬಾಯಿ ಅವನ ಮುಖದ ಮೇಲಿತ್ತು.

ಅದೇ ದವಡೆ, ಅದೇ ಸುತ್ತು, ಅದೇ ಇಣುಕು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಅಗಿಯುತ್ತಿದ್ದೆವು. ಆ ತಾಯಿ ನನ್ನನ್ನು ನೋಡಿದರು, ಮಗನನ್ನು ನೋಡಿದರು, ಆಮೇಲೆ ಅಣ್ಣನನ್ನು ಕೇಳಿದರು.

"ಇವ್ರಿಗೂ ತಿಂಗಳಿಗೆ ಒಂದು ಸೂಜಿ ಕೊಡ್ತಾರಾ?"

ಅಣ್ಣ ಹೌದೆಂದ.

"ನಮ್ಮ ಹುಡುಗಂದೂ ಅದೇ. ಸೂಜಿಯಿಂದ ಬರೋದಂತೆ ಇದು. ಬೆಂಗಳೂರು ದೊಡ್ಡಾಸ್ಪತ್ರೇಲಿ ಹೇಳಿದ್ರು. ಈಗ ಸೂಜಿ ಬಿಡ್ಸಿದ್ದಾರೆ, ಬೇರೆ ಮಾತ್ರೆ ಕೊಟ್ಟಿದ್ದಾರೆ."

"ಮತ್ತೆ ಇಲ್ಲಿಗ್ಯಾಕೆ ಬಂದ್ರಿ?" ಎಂದ ಅಣ್ಣ.

"ಅಲ್ಲಿಗೂ ಹೋಗ್ತೀನಿ, ಇಲ್ಲಿಗೂ ಬರ್ತೀನಿ. ತಾಯಿ ಅಲ್ವೇನಪ್ಪಾ."

ಅಣ್ಣ ಅವನ ಬಾಯಿ ನೋಡಿದ, ನನ್ನ ಬಾಯಿ ನೋಡಿದ, ಮತ್ತೆ ಅವನದನ್ನು. ಇಬ್ಬರು ಗೊತ್ತಿಲ್ಲದವರು ಒಂದೇ ನಾಟಕವನ್ನು ಕಲಿತು ಬರಲು ಸಾಧ್ಯವಿಲ್ಲ ಎಂದು ಅವನಿಗೂ ಹೊಳೆದಿರಬೇಕು. ಮನೆಯ ಹತ್ತಿರ ಬಸ್ಸಿನಿಂದ ಇಳಿಯುವಾಗ, "ಬೆಂಗಳೂರಿಗೆ ಹೋಗಣ," ಎಂದ.

ಅಮ್ಮನೇ ನನ್ನ ಜೊತೆ ಬಂದಳು, ಅಣ್ಣನಿಗೆ ಗೂಡು ಮಾರ್ಕೆಟ್ಟಿಗೆ ಹಾಕುವುದಿತ್ತು. ಬೆಂಗಳೂರಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಎಂಆರ್‌ಐ ಕವರನ್ನು ತೆಗೆದು ನೋಡಿ ಪಕ್ಕಕ್ಕಿಟ್ಟರು.

"ಏನಾಗ್ತಿದೆ, ಹೇಳಿ."

"ಇವಳಿಗೆ ಮೇಡಂ, ಮೊದ್ಲು..." ಎಂದು ಅಮ್ಮ ಶುರುಮಾಡಿದಳು.

"ಒಂದ್ನಿಮಿಷ ಅಮ್ಮ. ಅವ್ರು ಹೇಳ್ಲಿ."

ಹೇಳಲು ಹೋದೆ, ಅಳು ಬಂತು. ಅವರು ಕಾದರು. ಕುರ್ಚಿಯ ಅಂಚಿನಲ್ಲಿ ಕೂರಿಸಿ, ಕೈಗಳನ್ನು ಮೊಣಕಾಲಿನ ಮೇಲೆ ಇಡಿಸಿದರು. ಬಾಯಿ ತೆರೆಯಿರಿ ಎಂದರು. ಹೆಬ್ಬೆರಳಿನಿಂದ ಉಳಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ಎಂದರು. ನಾನು ಬೆರಳು ಮುಟ್ಟುತ್ತಿದ್ದರೆ ಅವರು ನನ್ನ ನಾಲಿಗೆಯನ್ನು ನೋಡುತ್ತಿದ್ದರು. ಬೆರಳಿನ ಮೇಲೆ ಗಮನ ಹೋದ ಕೂಡಲೇ ನಾಲಿಗೆ ಜೋರಾಯಿತು. ಮೊದಲು ಕಾಲು ಹೇಗಿತ್ತು ಎಂದು ಕೇಳಿದರು. ಆ ಚಡಪಡಿಕೆ ಮನಸ್ಸಿನಲ್ಲಿತ್ತೋ ಕಾಲಿನಲ್ಲಿತ್ತೋ ಎಂದು ಕೇಳಿದರು. ಮೂರು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕಾಲಿನಲ್ಲಿ ಎಂದೆ.

ಆಮೇಲೆ ಅಮ್ಮನಿಗೆ ಹೇಳಿದರು. ಕಾಲಿನದು ಅಕಥೀಸಿಯಾ, ಬಾಯಿಯದು ಟಾರ್ಡಿವ್ ಡಿಸ್ಕೈನೀಸಿಯಾ. ಎರಡೂ ಔಷಧದ ಸೈಡ್ ಎಫೆಕ್ಟ್. ಕಾಲು ಹಾಗಾದಾಗ ಡೋಸ್ ಇಳಿಸಬೇಕಿತ್ತು, ಏರಿತು. ಬಾಯಿಯದು ಎಲ್ಲರಿಗೂ ಬರುವುದಿಲ್ಲ, ಬಂದರೆ ಕೆಲವರಿಗೆ ಪೂರ್ತಿ ಹೋಗುವುದಿಲ್ಲ.

"ಹಂಗಾದ್ರೆ ಸ್ಕ್ಯಾನಿಂಗಲ್ಲಿ ಯಾಕ್ ಕಾಣ್ಲಿಲ್ಲ?" ಎಂದಳು ಅಮ್ಮ.

"ಮನೆ ಫೋಟೋ ತೆಗೆದ್ರೆ ಗೋಡೆ, ಕಂಬ ಕಾಣುತ್ತೆ ಅಮ್ಮ. ಮನೆ ಒಳಗೆ ಜಗಳ ಆಗ್ತಿರೋದು ಕಾಣುತ್ತಾ? ಇದೂ ಹಂಗೇ. ಅವ್ರು ಬೇಕಂತ ಮಾಡ್ತಿಲ್ಲ."

ಅವ್ರು ಬೇಕಂತ ಮಾಡ್ತಿಲ್ಲ. ಈ ಮಾತಿಗಾಗಿ ಕಾದಿದ್ದೆ. ಅದು ಬಂದ ಮೇಲೆ ಕುಣಿಯುತ್ತೇನೆ ಎಂದುಕೊಂಡಿದ್ದೆ. ಸುಸ್ತು ಮಾತ್ರ ಆಯಿತು.

ವಾಪಸ್ ಬರುವ ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತಿದ್ದಳು. ದೇವನಹಳ್ಳಿ ದಾಟಿತು. ವಿಜಯಪುರ ಬರುವ ಮುಂಚೆ ರಸ್ತೆಯ ಪಕ್ಕದ ದ್ರಾಕ್ಷಿ ತೋಟದಲ್ಲಿ ಯಾರೋ ಪಂಪಿನಲ್ಲಿ ಕೀಟನಾಶಕ ಹೊಡೆಯುತ್ತಿದ್ದರು. ಅಮ್ಮ ತಲೆ ತಿರುಗಿಸಿ ಅದನ್ನೇ ನೋಡಿದಳು.

"ಅಂಥ ತೋಟದ ಪಕ್ಕದ ಸೊಪ್ಪು ಹಾಕಿದ್ರೆ ಹುಳ ಏನ್ಮಾಡ್ತವೆ ಗೊತ್ತಲ್ಲ," ಎಂದಳು.

ಗೊತ್ತು. ತಲೆ ಎತ್ತಿ ಎತ್ತಿ ಆಡಿಸುತ್ತವೆ. ಬಾಯಿಂದ ರಸ ಕಾರುತ್ತವೆ. ತಿನ್ನುವುದನ್ನು ಬಿಟ್ಟು ಅಂಚಿನಲ್ಲೆಲ್ಲ ಹರಿದಾಡುತ್ತವೆ. ಅದು ಹಣ್ಣಾದದ್ದೂ ಅಲ್ಲ, ರೋಗವೂ ಅಲ್ಲ. ಹುಳ ತಿರುಗುವುದಕ್ಕೆ ಈ ಮೂರನೆಯ ಕಾರಣವೂ ಅಮ್ಮನಿಗೆ ಮೊದಲಿನಿಂದ ಗೊತ್ತಿತ್ತು. ನನ್ನನ್ನು ನೋಡುವಾಗ ಅದು ಅವಳಿಗೆ ಹೊಳೆದಿರಲಿಲ್ಲ, ಯಾಕೆಂದರೆ ಸೊಪ್ಪು ಹಾಕಿದವಳು ಅವಳೇ.

"ನೀನು ಹೇಳ್ತಾನೇ ಇದ್ದೆ," ಎಂದಳು. ಕಿಟಕಿಯಿಂದ ನನ್ನ ಕಡೆ ತಿರುಗಿ, "ನಾನೇ ಮಾಡಿದ್ನೇನೇ ಇದನ್ನ?"

ಇಲ್ಲಮ್ಮ, ನಿನಗೇನು ಗೊತ್ತಿತ್ತು ಎನ್ನಬಹುದಿತ್ತು. ಎಲ್ಲ ಮಕ್ಕಳೂ ಹಾಗೇ ಅನ್ನುತ್ತಾರೆ.

"ಹೂಂ," ಎಂದೆ.

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಶಿಡ್ಲಘಟ್ಟದವರೆಗೂ ತೆಗೆಯಲಿಲ್ಲ. ನಾನು ಸಮಾಧಾನ ಮಾಡಲಿಲ್ಲ. ಅವಳು ಅಳುವುದನ್ನು ನೋಡಿ ನನಗೆ ಸ್ವಲ್ಪ ಹಾಯೆನಿಸಿತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಈಗ ಇಂಜೆಕ್ಷನ್ ಇಲ್ಲ. ಬೇರೆ ಮಾತ್ರೆ ಇದೆ, ಅದಕ್ಕೆ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಬಾಯಿಗೆಂದು ಇನ್ನೊಂದು ಸಣ್ಣ ಮಾತ್ರೆ. ಮೈ ಸಡಿಲವಾಗಿದೆ. ಕಾಲು ಕೂತಲ್ಲಿ ಕೂರುತ್ತದೆ. ಬಾಯಿ ಮೊದಲಿನಷ್ಟಿಲ್ಲ, ಆದರೆ ಇದೆ, ಜನ ಕಂಡರೆ ಹೆಚ್ಚಾಗುತ್ತದೆ. ಗೋಡೆಯ ಗಂಡಸರು ಬಂದಿಲ್ಲ, ಬಂದರೆ ಏನು ಮಾಡಬೇಕೆಂದು ಬೆಂಗಳೂರಿನ ಡಾಕ್ಟರು ಹೇಳಿಕೊಟ್ಟಿದ್ದಾರೆ. ಸಾಯಂಕಾಲ ಫೋನಿನಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಕ್ಯಾಮೆರಾವನ್ನು ನೋಟ್ ಪುಸ್ತಕದ ಮೇಲೆ ಮಾತ್ರ ನಿಲ್ಲಿಸಿರುತ್ತೇನೆ. ಅವರಿಗೆ ನನ್ನ ಕೈ ಕಾಣುತ್ತದೆ, ಲೆಕ್ಕ ಕಾಣುತ್ತದೆ. ಮಾತಿನ ನಡುವೆ ಚಪ್ಪರಿಸುವ ಸದ್ದು ಬಂದರೆ, ಮಿಸ್ ಏನು ತಿಂತಿದ್ದೀರಾ ಎಂದು ಕೇಳುತ್ತಾರೆ. ಕಡಲೆಕಾಯಿ ಎನ್ನುತ್ತೇನೆ. ಸುಮಿತ್ರತ್ತಿಗೆ ನನ್ನ ತಟ್ಟೆಯನ್ನು ಎಲ್ಲರ ತಟ್ಟೆಯ ಜೊತೆ ಇಡುತ್ತಾಳೆ. ನಾನೂ ಕೂತು ಉಣ್ಣುತ್ತೇನೆ. ಅಮ್ಮನಿಗೂ ನನಗೂ ನಡುವೆ ಇನ್ನೂ ಎಲ್ಲ ಸರಿಹೋಗಿಲ್ಲ, ಹೋಗುತ್ತದೆಂದು ನಾನು ಯಾರಿಗೂ ಮಾತು ಕೊಟ್ಟಿಲ್ಲ.

ಪ್ರತಿ ಸಲ ಬೆಂಗಳೂರಿಗೆ ಹೋಗುವುದು ಕಷ್ಟವೆಂದು ರಕ್ತ ಪರೀಕ್ಷೆಯ ರಿಪೋರ್ಟನ್ನು ಚಿಕ್ಕಬಳ್ಳಾಪುರದ ಡಾಕ್ಟರಿಗೇ ತೋರಿಸಲು ಹೇಳಿದ್ದರು. ಕಳೆದ ವಾರ ಹೋಗಿದ್ದೆವು. ಹೊರಗೆ ಅದೇ ಜನ. ಒಳಗೆ ಅದೇ ಕುರ್ಚಿ. ಡಾಕ್ಟರು ಬೆಂಗಳೂರಿನವರ ಚೀಟಿಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ರೂಢಿಯಂತೆ ಅಮ್ಮನ ಕಡೆ ತಿರುಗಿ, ಹೇಗಿದ್ದಾಳಮ್ಮ ಎಂದರು.

"ನನ್ನ ಕೇಳ್ಬೇಡಿ ಸಾರ್," ಎಂದಳು ಅಮ್ಮ. "ನಂಗೊತ್ತಿಲ್ಲ. ಅವಳ್ನ ಕೇಳಿ."

ಡಾಕ್ಟರು ನನ್ನ ಕಡೆ ತಿರುಗಿದರು. ಬಾಯಿ ತೆರೆದೆ. ನಾಲಿಗೆ ಹೊರಗೆ ಬಂತು, ಒಳಗೆ ಹೋಗಲಿಲ್ಲ. ದವಡೆ ಒಂದು ಸುತ್ತು ತಿರುಗಿತು. ಮಾತು ಬರುವ ಹೊತ್ತಿಗೆ ಮತ್ತೊಂದು ಸುತ್ತು. ಅವರು ಕಾದರು. ಅಷ್ಟರಲ್ಲಿ ಹೊರಗಿನವರು ಯಾರೋ ಬಾಗಿಲನ್ನು ಅರ್ಧ ತೆಗೆದು, ಬಸ್ಸಿಗೆ ಹೊತ್ತಾಯ್ತು, ಇನ್ನೂ ಎಷ್ಟೊತ್ತು ಎಂದು ಕೇಳಿದರು.

ಅಮ್ಮ ಎದ್ದು ಹೋಗಿ ಬಾಗಿಲನ್ನು ಒಳಗಿನಿಂದ ಹಿಡಿದುಕೊಂಡಳು.

"ಸ್ವಲ್ಪ ಇರ್ರಪ್ಪಾ. ನನ್ ಮಗಳು ಮಾತಾಡ್ತಾವ್ಳೆ."

ನಾನು ಇನ್ನೂ ಮಾತು ಶುರುಮಾಡಿರಲಿಲ್ಲ.